ಮರಕ್ಕೆ, ಮನೆಗೆ, ಹಸುವಿಗೆ: ಕನ್ನಡದ ಓದು, ವ್ಯಾಕರಣಕ್ಕೆ ಮಾಂಟೆಸೊರಿ ದಾರಿ

ಎಷ್ಟೋ ಶಿಶುವಿಹಾರಗಳಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮರಳು ಕಾಗದದ ಹಲಗೆ, ಮರದ ಪೆಟ್ಟಿಗೆ, ಬಣ್ಣದ ಗುರುತು ಎಲ್ಲ ಸಜ್ಜಾಗಿರುತ್ತದೆ. ಕನ್ನಡದ ಪಿರಿಯಡ್ ಬಂದ ಕೂಡಲೇ ಕಾಪಿ ಪುಸ್ತಕ ಹೊರಬರುತ್ತದೆ: ಅ ಆ ಇ ಈ, ಹತ್ತು ಹತ್ತು ಸಾಲು. ಆಗಬೇಕಿದ್ದದ್ದು ತಿರುಗಾಮುರುಗಾ. ಮುಟ್ಟಿ ಆಡುವ ಸಾಮಾನುಗಳಿಂದ ಕಲಿಸುವ ಈ ಪದ್ಧತಿಯನ್ನು ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ ಅವರ ಮುಂದೆ ಇದ್ದದ್ದು ಇಟಾಲಿಯನ್ ಆಡುವ ಮಕ್ಕಳು. ಇಟಾಲಿಯನ್ ಹೆಚ್ಚುಕಡಿಮೆ ನುಡಿದಂತೆ ಬರೆಯುವ ಭಾಷೆ, ಕನ್ನಡವೂ ಹಾಗೆಯೇ. ಬರೆದದ್ದೊಂದು ಓದುವುದೊಂದು ಅನ್ನುವ ಇಂಗ್ಲಿಷಿನ ಗೋಳು ನಮಗಿಲ್ಲ. ಅದಕ್ಕಾಗಿಯೇ ಹುಟ್ಟಿಕೊಂಡ ಒಗಟು ಪದಗಳ (ಬರೆದಂತೆ ಓದಲಾಗದ ಪದಗಳ) ಪೆಟ್ಟಿಗೆ, ಸುಲಭದಿಂದ ಕಷ್ಟಕ್ಕೆ ಹೋಗುವ ಗುಲಾಬಿ-ನೀಲಿ-ಹಸಿರು ಓದಿನ ಸರಣಿಗಳು ಕನ್ನಡಕ್ಕೆ ಬೇಕಾಗುವುದಿಲ್ಲ, ಅವಕ್ಕೆ ದುಡ್ಡು ಸುರಿಯಬೇಡಿ.

ಆದರೆ ಇಂಗ್ಲಿಷ್ ಸೆಟ್ಟನ್ನು ಹಾಗೇ ಕನ್ನಡ ಅಕ್ಷರಕ್ಕೆ ಇಳಿಸಿದರೂ ಕೆಲಸ ಕೆಡುತ್ತದೆ. ಗುಣಿತ, ಒತ್ತು, ವಿಭಕ್ತಿ ಇವು ಇಟಾಲಿಯನ್ನಿನಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಈ ಬರಹದ ಹೆಚ್ಚಿನ ಪಾಲು ಅವುಗಳ ಮೇಲೆಯೇ. ಇನ್ನೊಂದು ಮಾತು: ಮುಳಬಾಗಿಲು, ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆ ಮಗುವಿನ ಮನೆಮಾತು ತೆಲುಗಾಗಿರುವುದು ತೀರಾ ಸಾಮಾನ್ಯ. ಅಂಥ ಮಕ್ಕಳಿಗೆ ಎಲ್ಲಿ ಎಡವಟ್ಟಾಗುತ್ತದೆ, ಏಕೆ ಆಗುತ್ತದೆ ಎನ್ನುವುದನ್ನೂ ಆಯಾ ಕಡೆ ಸೇರಿಸಿದ್ದೇವೆ.

ಮೊದಲು ಕಿವಿ

ಎರಡೂವರೆಯಿಂದ ಮೂರೂವರೆ ವರ್ಷದವರೆಗೆ ಅಕ್ಷರ ಬೇಡವೇ ಬೇಡ. ಶಬ್ದದಾಟ ಸಾಕು. ಒಂದು ತಟ್ಟೆಯಲ್ಲಿ ಮೂರು ಸಾಮಾನು ಇಡಿ: ಬಳೆ, ಸರ, ಕಡಲೆ. ‘‘ನನ್ನ ಕಣ್ಣಿಗೆ ಒಂದು ಕಾಣ್ತಿದೆ, ಅದು ‘ಬ’ ಅಂತ ಶುರುವಾಗುತ್ತೆ, ಯಾವುದು?’’ ಅಂತ ಕೇಳಿ. ಮಗು ಬಳೆ ಎತ್ತಿಕೊಡುತ್ತದೆ. ದಿನಕ್ಕೆ ಐದು ನಿಮಿಷ, ಸೊಪ್ಪು ಬಿಡಿಸುವಾಗಲೋ ಅವರೆಕಾಯಿ ಸುಲಿಯುವಾಗಲೋ ಆಡಿದರೂ ಆದೀತು. ಎರಡು ಮೂರು ವಾರ ಮೊದಲ ಅಕ್ಷರ, ಆಮೇಲೆ ಕೊನೆಯ ಅಕ್ಷರ, ಕೊನೆಗೆ ನಡುವಿನದು.

ಇಂಗ್ಲಿಷ್ ಪಾಠದಲ್ಲಿ ಕಲಿತವರು ಮಾಡುವ ಮೊದಲ ತಪ್ಪು ಇಲ್ಲೇ. ಕಾಯಿ, ಕಿವಿ, ಕೋಳಿ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟು ‘‘ಕ್ ಅಂತ ಶುರುವಾಗೋದು’’ ಅನ್ನುತ್ತಾರೆ. ಕನ್ನಡದ ಮಗುವಿಗೆ ಕೇಳುವುದು ಕ್ ಅಲ್ಲ. ಕಾ, ಕಿ, ಕೋ. ಅವು ಮೂರೂ ಬೇರೆ ಬೇರೆ. ಆದ್ದರಿಂದ ಆಟದ ಘಟಕ ಅಕ್ಷರವೇ ಇರಲಿ, ಒಡೆದ ವ್ಯಂಜನ ಬೇಡ. ಮೊದಲ ತಿಂಗಳಿಗೆ ಮೊದಲ ಅಕ್ಷರದಲ್ಲಿ ಅಕಾರವಿರುವ ವಸ್ತುಗಳನ್ನೇ ಆರಿಸಿ: ಬಳೆ, ಸರ, ಲವಂಗ, ಕಡಲೆ, ಪದಕ, ಮಣಿ. ಕಡಲೆ, ಅವರೆ, ಹುಣಸೆಬೀಜದಂಥ ಕಾಳುಗಳನ್ನು ಸಣ್ಣ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಾಗಿ ಅಂಟಿಸಿ. ಕೈಗೆ ಬಿಡಿಯಾಗಿ ಸಿಕ್ಕರೆ ಮೂರು ವರ್ಷದ ಮಗು ಮೂಗಿಗೋ ಕಿವಿಗೋ ತುರುಕಿಕೊಂಡೀತು, ನೆನೆದ ಕಾಳು ಅಲ್ಲೇ ಊದಿಕೊಳ್ಳುತ್ತದೆ.

ಮಾತಿನಲ್ಲಿ ಎ, ಏ, ಒ, ಓ ಹಿಂದೆ ಯ, ವ ನುಸುಳುತ್ತವೆ. ‘ಎಲೆ’ ತೋರಿಸಿ ಕೇಳಿದರೆ ಮಗು ‘ಯ’ ಅನ್ನುತ್ತದೆ, ‘ಒಲೆ’ಗೆ ‘ವ’ ಅನ್ನುತ್ತದೆ. ಅದರ ಕಿವಿ ಸರಿಯಾಗಿಯೇ ಇದೆ, ನಾವು ನುಡಿಯುವುದೇ ಹಾಗೆ. ಹಾಲನ್ನು ‘ಆಲು’ ಅನ್ನುವ ಮನೆಗಳೂ ಉಂಟು. ಇಂಥ ವಸ್ತುಗಳನ್ನು ಮೊದಲ ಸುತ್ತಿನಿಂದ ತೆಗೆದಿಡಿ. ಬರಹ ಕಣ್ಣಿಗೆ ಬಿದ್ದ ಮೇಲೆ ತಾನಾಗಿ ಸರಿಹೋಗುತ್ತದೆ. ತೆಲುಗು ಮನೆಯ ಮಗುವಿಗೆ ಪುಲಿ-ಹುಲಿ, ಪಾಲು-ಹಾಲು ಇಂಥ ಜೋಡಿಗಳು ದೊಡ್ಡ ಮೋಜು. ‘‘ಮನೆಯಲ್ಲಿ ಪುಲಿ, ಇಲ್ಲಿ ಹುಲಿ’’ ಅಂತ ಒಪ್ಪಿಕೊಂಡೇ ಆಡಿಸಿ, ಮನೆಮಾತನ್ನು ತಪ್ಪೆಂದು ತಿದ್ದಬೇಡಿ. ಅಣ್ಣ-ಅನ್ನ ಮಾತ್ರ ಜೋಪಾನ: ತೆಲುಗಿನಲ್ಲಿ ‘ಅನ್ನ’ ಅಂದರೆ ಅಣ್ಣನೇ. ಕನ್ನಡದ ‘ಅನ್ನ’ ಮಗುವಿಗೆ ಊಟದ ತಟ್ಟೆಯಲ್ಲೇ ಕಾಣಲಿ, ಗೊಂದಲ ಅಲ್ಲೇ ಮುಗಿಯುತ್ತದೆ.

ಮರಳು ಕಾಗದದ ಅಕ್ಷರ

ಮೂರೂವರೆಯ ಹೊತ್ತಿಗೆ ಶಬ್ದದಾಟದಲ್ಲಿ ಕೊನೆಯ ಅಕ್ಷರವನ್ನೂ ಹಿಡಿಯುವ ಮಗುವಿಗೆ ಇದು ಶುರು.

ಕನ್ನಡದ 34 ವ್ಯಂಜನಗಳಲ್ಲಿ ಮೊದಲಿಗೆ ಬೇಕಾದದ್ದು 20 ಮಾತ್ರ. ಹತ್ತು ಮಹಾಪ್ರಾಣ, ಙ, ಞ, ಶ, ಷ ಬಿಟ್ಟರೆ ಉಳಿಯುವವೇ ಅವು. ಮಹಾಪ್ರಾಣವನ್ನು ಹಿಂದಕ್ಕೆ ತಳ್ಳಲು ಕಾರಣ ಎರಡು: ಮಗುವಿನ ಮಾತಿನಲ್ಲಿ ಅದು ಹೆಚ್ಚಾಗಿ ಇರುವುದೇ ಇಲ್ಲ, ಮೇಲಾಗಿ ದ-ಧ, ಬ-ಭ, ಡ-ಢ, ರ-ಠ ಕಣ್ಣಿಗೂ ಹತ್ತಿರ. ಸ್ವರಗಳಲ್ಲಿ ಋ, ಐ, ಔ ಬಿಟ್ಟು ಹತ್ತು. ಒಟ್ಟು 30 ಹಲಗೆ.

ಹಲಗೆಗೆ ಗಟ್ಟಿ ರಟ್ಟು ಸಾಕು, 15 ಸೆಂಟಿಮೀಟರ್ ಉದ್ದ, 12 ಅಗಲ. ವ್ಯಂಜನಕ್ಕೆ ಗುಲಾಬಿ ಕಾಗದ, ಸ್ವರಕ್ಕೆ ನೀಲಿ ಕಾಗದ ಅಂಟಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ 120 ನಂಬರಿನ ಸ್ಯಾಂಡ್‌ಪೇಪರ್ ಕೇಳಿ. 60 ನಂಬರಿನದು ಬೆರಳು ತರಚುತ್ತದೆ, 220ರದ್ದು ಬೆರಳಿಗೆ ಗೊತ್ತೇ ಆಗುವುದಿಲ್ಲ. 23x28 ಸೆಂಟಿಮೀಟರಿನ ಒಂದು ಹಾಳೆಯಲ್ಲಿ 9 ಸೆಂಟಿಮೀಟರಿನ ಆರು ಅಕ್ಷರ ಕೂರುತ್ತವೆ, ಮೂವತ್ತಕ್ಕೆ ಐದು ಹಾಳೆ. ಅಕ್ಷರ ಅದಕ್ಕಿಂತ ಚಿಕ್ಕದಾದರೆ ಅ, ಆ, ಲ, ಒಗಳ ಸುಳಿಯೊಳಗಿನ ತೂತು ಮುಚ್ಚಿಹೋಗುತ್ತದೆ. ಗೆರೆಯ ದಪ್ಪ 8 ಮಿಲಿಮೀಟರ್ ಇರಲಿ.

ಬರೆದುಕೊಳ್ಳುವುದು ಹಾಳೆಯ ಬೆನ್ನಿನ ಮೇಲೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಇದನ್ನು ಮರೆತರೆ ಕತ್ತರಿಸಿ ಮುಗಿಸಿದ ಮೇಲೆ ಎಲ್ಲ ಅಕ್ಷರಗಳೂ ಎಡಬಲ ಅದಲುಬದಲಾಗಿ ನಿಮ್ಮನ್ನೇ ನೋಡುತ್ತಿರುತ್ತವೆ. ಹಳೆಯ ಕತ್ತರಿ ಬಳಸಿ, ಮರಳಿಗೆ ಹರಿತ ಹೋಗುತ್ತದೆ. ಫೆವಿಕಾಲ್ ಹಚ್ಚಿ ಒಂದು ರಾತ್ರಿ ಭಾರದ ಅಡಿ ಇಡಿ. ಕತ್ತರಿಸುವಷ್ಟು ಸಹನೆ ಇಲ್ಲವೇ? ರಟ್ಟಿನ ಮೇಲೆ ಫೆವಿಕಾಲಿನಲ್ಲೇ ಅಕ್ಷರ ಬರೆದು ಒರಟು ರಂಗೋಲಿ ಪುಡಿ ಉದುರಿಸಿ, ಒಣಗಿದ ಮೇಲೆ ಕೊಡವಿ. ರವೆ ಮಾತ್ರ ಬೇಡ, ಎರಡೇ ವಾರಕ್ಕೆ ಇರುವೆ, ಹುಳು. ಪ್ರತಿ ಹಲಗೆಯ ಕೆಳತುದಿಗೆ ಒಂದು ಚುಕ್ಕೆ ಇಟ್ಟರೆ ಮಗು ತಲೆಕೆಳಗಾಗಿ ಹಿಡಿಯುವುದಿಲ್ಲ.

ಯಾವ ಅಕ್ಷರ ಮೊದಲು? ಅ ಆ ಇ ಈ ಕ್ರಮ ಬಾಯಿಪಾಠಕ್ಕೆ ಚೆನ್ನ, ಓದಿಗೆ ಅಲ್ಲ. ಆ ಸಾಲನ್ನೆಲ್ಲ ಕಲಿತರೂ ಒಂದು ಪದ ಕಟ್ಟುವುದು ಕಷ್ಟ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕೆಯಾದ ನಲಿ-ಕಲಿಯಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಇದು ಮಾಂಟೆಸೊರಿಗೂ ಹೊಂದುತ್ತದೆ, ಏಕೆಂದರೆ ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಸಿದ್ಧ. ಮುಂದಿನ ಐದು ಜ, ವ, ಮ, ಬ, ನ. ಆಗ ಮರ, ಜನ, ನಗರ, ಬಸವ ಬರುತ್ತವೆ. ಮಗುವಿನ ಹೆಸರಿನ ಮೊದಲ ಅಕ್ಷರ ಬೇರೆಯಾಗಿದ್ದರೆ ಅದನ್ನು ಸಾಲು ಮುರಿದು ಮೊದಲೇ ಕೊಡಿ.

ಪಾಠ ಮೂರು ಹಂತದ್ದು. ಇದು ಫ್ರೆಂಚ್ ವೈದ್ಯ ಎಡ್ವಾರ್ ಸೆಗ್ಯಾಂ ಅವರಿಂದ ಮಾಂಟೆಸೊರಿ ಪಡೆದದ್ದು. ರೂಪದಲ್ಲೂ ಶಬ್ದದಲ್ಲೂ ದೂರವಿರುವ ಎರಡು ಅಕ್ಷರ ತೆಗೆದುಕೊಳ್ಳಿ, ರ ಮತ್ತು ಸ ಅನ್ನೋಣ. ತೋರುಬೆರಳು, ನಡುಬೆರಳು ಎರಡೂ ಸೇರಿಸಿ ನೀವು ನಿಧಾನವಾಗಿ ಸವರಿ ‘‘ಇದು ರ’’ ಅನ್ನಿ, ಮಗುವೂ ಸವರಲಿ. ಎರಡನೆಯ ಹಂತ: ‘‘ರ ನನ್ನ ಕೈಗೆ ಕೊಡು, ಸ ಕಿಟಕಿ ಹತ್ತಿರ ಇಡು, ರ ಬೆನ್ನ ಹಿಂದೆ ಬಚ್ಚಿಡು.’’ ಪಾಠದ ಜೀವ ಇಲ್ಲಿದೆ. ಐದು ನಿಮಿಷ ಇದಕ್ಕೇ ಮೀಸಲಿಡಿ. ಮೂರನೆಯದು: ‘‘ಇದೇನು?’’ ಉತ್ತರ ಬರದಿದ್ದರೆ ‘ಅಲ್ಲ’ ಅನ್ನದೆ ಎರಡನೆಯ ಹಂತಕ್ಕೆ ಹಿಂದಿರುಗಿ. ಅವಸರದವರು ಎರಡನೆಯ ಹಂತ ಹಾರಿಸಿ ನೇರ ಪರೀಕ್ಷೆಗೆ ಇಳಿಯುತ್ತಾರೆ, ಮಗು ಮೂರನೇ ದಿನಕ್ಕೆ ಹಲಗೆ ಕಂಡರೆ ಎದ್ದು ಹೋಗುತ್ತದೆ.

ಸವರಿದ ಮೇಲೆ ಮರಳಿನ ತಟ್ಟೆ. ಹಿಂದೆ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ತಿದ್ದಿಯೇ ಕಲಿಯುತ್ತಿದ್ದರು. ಅಂಚಿರುವ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ಮರಳು ಸಾಕು. ಹೆಚ್ಚಾದರೆ ಗೆರೆ ಕುಸಿದು ಅಕ್ಷರ ಮುಚ್ಚುತ್ತದೆ.

ಬಿಲ್ಲೆ ಜೋಡಿಸಿ ಬರೆಯುವುದು

ಮಾಂಟೆಸೊರಿಯಲ್ಲಿ ಓದಿಗಿಂತ ಬರಹ ಮೊದಲು ಬರುತ್ತದೆ. ಬರಹ ಎಂದರೆ ಪೆನ್ಸಿಲ್ ಅಲ್ಲ. ತನ್ನ ಬಾಯಲ್ಲಿರುವ ಪದವನ್ನು ಅಕ್ಷರದ ಬಿಲ್ಲೆಗಳಿಂದ ಕಟ್ಟುವುದು. ಹತ್ತು ಅಕ್ಷರ ಬಂದ ಕೂಡಲೇ ಶುರು ಮಾಡಬಹುದು.

56x71 ಸೆಂಟಿಮೀಟರಿನ ದಪ್ಪ ಡ್ರಾಯಿಂಗ್ ಶೀಟನ್ನು 4x5 ಸೆಂಟಿಮೀಟರಿಗೆ ಕತ್ತರಿಸಿದರೆ 196 ಬಿಲ್ಲೆ ಸಿಗುತ್ತವೆ. ಮೊದಲ ಶೀಟಿನಲ್ಲಿ 20 ವ್ಯಂಜನ ಆರಾರು, 10 ಸ್ವರ ನಾಲ್ಕು ನಾಲ್ಕು, ಒಟ್ಟು 160. ಎರಡನೆಯ ಶೀಟು ಗುಣಿತಕ್ಕೆ: 20 ವ್ಯಂಜನಕ್ಕೆ ನಾಲ್ಕು ಗುಣಿತ ಚಿಹ್ನೆ, ಎರಡೆರಡು ಪ್ರತಿ, ಅದೂ 160. ಉಳಿದವು ಕಳೆದುಹೋಗುವ ಬಿಲ್ಲೆಗಳಿಗೆ, ಕಳೆದೇ ಕಳೆಯುತ್ತವೆ. ಅನುಸ್ವಾರದ ಸೊನ್ನೆಯನ್ನು ಅರ್ಧ ಅಗಲದ ಬಿಲ್ಲೆಯಲ್ಲಿ ಬರೆದು ಹತ್ತು ಮಾಡಿಡಿ.

ಗುಣಿತದ ಚಿಹ್ನೆಗಳನ್ನೇ ಬೇರೆ ಬಿಲ್ಲೆಯಾಗಿ ಮಾಡಿ ಅಕ್ಷರದ ಪಕ್ಕದಲ್ಲಿಟ್ಟರೆ ಸಾಲದೇ ಅನ್ನಿಸಬಹುದು. ಸಾಲದು. ‘ಕ’ ಮೇಲೆ ಗುಡಿಸು ಬಂದಾಗ ತಲೆಕಟ್ಟು ಹೋಗುತ್ತದೆ. ಇಳಿ ಬಂದಾಗಲೂ, ಎತ್ವ ಬಂದಾಗಲೂ ಅಷ್ಟೇ. ಕೊಂಬು ಬಂದರೆ ಮಾತ್ರ ತಲೆಕಟ್ಟು ಇದ್ದಲ್ಲೇ ಇರುತ್ತದೆ. ತಲೆಕಟ್ಟಿರುವ ಕ ಪಕ್ಕ ಗುಡಿಸು ಇಟ್ಟ ಮಗು ನಾಳೆ ಸ್ಲೇಟಿನ ಮೇಲೂ ಎರಡನ್ನೂ ಬರೆಯುತ್ತದೆ. ಹಾಗಾಗಿ ಗುಣಿತಾಕ್ಷರ ಇಡಿಯಾಗಿಯೇ ಇರಲಿ.

ಬಣ್ಣದಲ್ಲಿ ಒಂದು ಜಾಣತನ ಮಾಡಬಹುದು. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ನಮ್ಮ ಕಾಗುಣಿತವೇ ಹೇಳುತ್ತದೆ, ತಲೆಕಟ್ಟು ಅಂದರೆ ‘ಅ’ದ ಗುರುತು. ಅಕ್ಷರದ ಮೈಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ, ತಲೆಕಟ್ಟನ್ನೂ ಉಳಿದೆಲ್ಲ ಚಿಹ್ನೆಗಳನ್ನೂ ನೀಲಿಯಲ್ಲಿ ಬರೆಯಿರಿ. ಕ, ಕಾ, ಕಿ, ಕು ಸಾಲಾಗಿ ಇಟ್ಟರೆ ಕೆಂಪು ಬದಲಾಗುವುದಿಲ್ಲ, ನೀಲಿ ಮಾತ್ರ ಬದಲಾಗುತ್ತದೆ. ವ್ಯಂಜನ ಒಂದೇ, ಸ್ವರ ಬೇರೆ ಅನ್ನುವುದು ಒಂದು ಮಾತೂ ಆಡದೆ ಮಗುವಿಗೆ ಹೊಳೆಯುವುದು ಇಲ್ಲಿ. ಬ, ಜ, ಲ, ಟ, ಣಗಳಿಗೆ ತಲೆಕಟ್ಟೇ ಇಲ್ಲ, ಅವು ಪೂರ್ತಿ ಕೆಂಪು. ‘‘ಇವಕ್ಕೆ ಟೋಪಿ ಇಲ್ಲ’’ ಅಂದರೆ ಮುಗಿಯಿತು.

ಚಿಹ್ನೆಗಳನ್ನು ಪುಸ್ತಕದ ಕ್ರಮದಲ್ಲಿ ಕೊಡಬೇಕಿಲ್ಲ. ಇಳಿ ಆದ ಮೇಲೆ ಎತ್ವ ಕೊಡಿ, ಏಕೆಂದರೆ ಕನ್ನಡದ ಅದೆಷ್ಟೋ ಪದಗಳು ಎಕಾರದಲ್ಲೇ ಮುಗಿಯುತ್ತವೆ: ಮನೆ, ಮಳೆ, ಎಲೆ, ಅವರೆ, ಕಡಲೆ, ನವಣೆ. ಆಮೇಲೆ ಕೊಂಬು: ಹಸು, ಕರು, ಮಾವು, ಹಲಸು. ನಂತರ ಗುಡಿಸು: ರಾಗಿ, ಇಲಿ, ಕುರಿ, ಗಿಳಿ. ನಾಲ್ಕು ಚಿಹ್ನೆಗೆ ಸುಮಾರು ಎರಡು ತಿಂಗಳು ಹಿಡಿದರೆ ಸರಿಯಾದ ವೇಗವೇ. ದೀರ್ಘಗಳು, ಒತ್ವ, ಓತ್ವ ಅದರ ಹಿಂದೆ. ಐತ್ವ, ಔತ್ವ, ವಟ್ರಸುಳಿ ಕೊನೆಗೆ. ಪು, ವು ಬರೆಯುವಾಗ ಕೊಂಬು ಪಕ್ಕದಲ್ಲಿರದೆ ಕೆಳಗಿಳಿಯುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ. ವ ಪಕ್ಕಕ್ಕೇ ಕೊಂಬು ಎಳೆದರೆ ಅದು ಮ ಆಗಿಬಿಡುತ್ತದೆ.

ಮಗು ಜೋಡಿಸಿದ್ದು ತಪ್ಪಾದರೆ? ‘ಹುಡುಗ’ ಅನ್ನಲು ಅದು ಹು ಇಟ್ಟು, ಗ ಇಟ್ಟು, ನಡುವಿನ ಡಕಾರಕ್ಕೆ ಯಾವ ಬಿಲ್ಲೆ ಇಡಲಿ ಅಂತ ಕೂರುತ್ತದೆ. ನಾವು ನುಡಿಯುವುದು ‘ಹುಡ್ಗ’. ಅಂಗ್ಡಿ, ಕೆಲ್ಸ, ಬಾಗ್ಲು ಎಲ್ಲ ಹೀಗೆಯೇ ನಡುವಿನ ಸ್ವರ ನುಂಗಿದ ಪದಗಳು. ಬಿಲ್ಲೆ ಕಿತ್ತು ಸರಿ ಮಾಡಬೇಡಿ. ‘‘ನಿಧಾನಕ್ಕೆ ಹಾಡಿದ ಹಾಗೆ ಹೇಳೋಣ, ಹು-ಡು-ಗ’’ ಅಂತ ಚಪ್ಪಾಳೆ ತಟ್ಟಿ ಮೂರು ಎಣಿಸಿ. ಆಗಲೂ ಹಿಡಿಯದಿದ್ದರೆ ಅವತ್ತಿಗೆ ಬಿಡಿ, ಮುಂದಿನ ವಾರ ಅದೇ ಪದ ಓದುವ ಚೀಟಿಯಲ್ಲಿ ಬರಲಿ.

ಒತ್ತು ಕಾಯುವುದಿಲ್ಲ

ಶಾಲೆಯ ಪುಸ್ತಕಗಳಲ್ಲಿ ಒತ್ತಕ್ಷರ ಬರುವುದು ಗುಣಿತವೆಲ್ಲ ಮುಗಿದ ಮೇಲೆ. ಆದರೆ ಬಿಲ್ಲೆ ಕೈಗೆ ಬಂದ ಮಗು ಮೊದಲು ಬರೆಯಬಯಸುವುದು ಅಮ್ಮ, ಅಪ್ಪ, ಅಕ್ಕ, ಅಜ್ಜಿ. ನಾಲ್ಕರಲ್ಲೂ ಒತ್ತಿದೆ! ಆದ್ದರಿಂದ ಸಜಾತೀಯ ಒತ್ತನ್ನು (ಅಕ್ಷರಕ್ಕೆ ಅದೇ ಅಕ್ಷರದ ಒತ್ತು) ಇಳಿ, ಎತ್ವದ ಜೊತೆಜೊತೆಗೇ ಕೊಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಒತ್ತಿಗೆ 2x2.5 ಸೆಂಟಿಮೀಟರಿನ ಚಿಕ್ಕ ಬಿಲ್ಲೆ. ಅಕ್ಷರದ ಕೆಳಗೆ, ಸ್ವಲ್ಪ ಬಲಕ್ಕೆ ಇಡುವುದು. ಹೆಚ್ಚಿನವು ಅದೇ ಅಕ್ಷರದ ತಲೆಕಟ್ಟಿಲ್ಲದ ಚಿಕ್ಕ ರೂಪ. ರೂಪ ಬದಲಾಯಿಸುವವು ತ, ನ, ಮ, ಯ, ರ, ಲ ಈ ಆರು. ಇವಕ್ಕೆ ಮರಳು ಕಾಗದದ ಹಲಗೆಯನ್ನೂ ಮಾಡಿ. ಕಿವಿಗೆ ತೋರಿಸುವ ಬಗೆ: ಅಪ್ ಅನ್ನುವಾಗ ತುಟಿ ಮುಚ್ಚಿ ಒಂದು ಕ್ಷಣ ನಿಲ್ಲಿ, ಮತ್ತೆ ಪ. ಮಗು ನಿಮ್ಮ ತುಟಿ ನೋಡಲಿ. ಮನೆಯ ಮಾತಿನಲ್ಲಿ ಇಂಥ ಹೇರಳ ಪದಗಳಿವೆ: ಮುದ್ದೆ, ಬೆಕ್ಕು, ಹಲ್ಲು, ಕಪ್ಪೆ, ಬೆಟ್ಟ. ಬೇರೆ ಅಕ್ಷರದ ಒತ್ತಿರುವ ರೇಷ್ಮೆ, ಪುಸ್ತಕದಂಥವು ಆಮೇಲೆ. ಅರ್ಕಾವತ್ತು ಆರು ವರ್ಷಕ್ಕೆ ಮುಂಚೆ ಬೇಡ. ಮೊದಲು ನುಡಿದದ್ದನ್ನು ಆಮೇಲೆ ಬರೆಯುವ ವಿಚಿತ್ರ ಅದು, ದೊಡ್ಡವರೇ ತಡವರಿಸುತ್ತಾರೆ.

ಕೈ ಪಳಗಿಸಲು ಮಾಂಟೆಸೊರಿಯಲ್ಲಿ ಬಳಸುವ, ಅಂಚು ಹಿಡಿದು ಗೆರೆ ಎಳೆಯುವ ಲೋಹದ ಚೌಕಟ್ಟುಗಳ ಸೆಟ್ಟು ದುಬಾರಿ. ಕನ್ನಡ ದುಂಡು ಲಿಪಿ, ಆದ್ದರಿಂದ ವೃತ್ತ, ಮೊಟ್ಟೆಯಾಕಾರ ಎರಡಿದ್ದರೆ ಸಾಕು. ಸ್ಟೀಲ್ ಡಬ್ಬಿಯ ಮುಚ್ಚಳದ ಸುತ್ತ ಗೀಚಿ ಒಳಗೆ ಗೆರೆ ತುಂಬಿಸಿದರೂ ಆಗುತ್ತದೆ. ಸುಳಿ ರಂಗೋಲಿ ಇನ್ನೂ ಒಳ್ಳೆಯದು. ಬಳಪ, ಸ್ಲೇಟು ಮೊದಲು, ಪೆನ್ಸಿಲ್ ಆಮೇಲೆ.

ಓದು

ತಿಂಗಳುಗಟ್ಟಲೆ ಪದ ಕಟ್ಟಿದ ಮಗು ಒಂದು ದಿನ ಗೋಡೆಯ ಮೇಲಿನದನ್ನೋ ಬಸ್ಸಿನ ಬೋರ್ಡನ್ನೋ ತಾನಾಗಿ ಓದುತ್ತದೆ, ಸಾಮಾನ್ಯವಾಗಿ ನಾಲ್ಕೂವರೆ ಐದರ ನಡುವೆ. ನಿಮ್ಮ ಕೆಲಸ ಚೀಟಿ ಒದಗಿಸುವುದು.

ಒಂದು ಬುಟ್ಟಿಯಲ್ಲಿ ಆರು ವಸ್ತು, ಆರು ಚೀಟಿ. ಚೀಟಿಯನ್ನು ಮಗುವಿನ ಕಣ್ಣೆದುರೇ ಬರೆಯಿರಿ: ‘‘ಇದರಲ್ಲಿ ಒಂದು ನನಗೆ ಬೇಕು, ಬಾಯಲ್ಲಿ ಹೇಳಲ್ಲ, ಬರೆದು ಕೊಡ್ತೀನಿ.’’ ಗುಟ್ಟಿನ ಕಾಗದದ ಹಾಗೆ ಮಡಚಿ ಕೊಡಿ. ಸರ, ಬಳೆ, ರಾಗಿ, ಮಣಿ, ಎಲೆ, ದಾರ. ಶಿಡ್ಲಘಟ್ಟದ ಕಡೆಯವರಿಗೆ ರೇಷ್ಮೆಯ ಗೂಡು ಕೈಗೆ ಸಿಗುತ್ತದೆ; ದೀರ್ಘ ಬಂದ ಮೇಲೆ ಅದನ್ನೂ ಹಾಕಿ.

ಮಗು ‘ಬ... ಳೆ’ ಅಂತ ಬಿಡಿಬಿಡಿಯಾಗಿ ಹೇಳಿ ನಿಂತುಬಿಟ್ಟರೆ ‘‘ಇನ್ನೂ ಬೇಗ, ಇನ್ನೂ ಬೇಗ’’ ಅನ್ನಿ. ಮೂರನೆಯ ಸಲಕ್ಕೆ ಬಳೆ ಹೊರಬರುತ್ತದೆ. ಎಷ್ಟು ಸಲ ಹೇಳಿದರೂ ಕೂಡದಿದ್ದರೆ ಸಾಮಾನ್ಯ ಕಾರಣ ಒಂದೇ: ‘ಬ, ಳ ಎತ್ವ ಳೆ’ ಎಂದು ಕಾಗುಣಿತದ ಹೆಸರುಗಳನ್ನು ಹೇಳಿಕೊಂಡು ಓದುವ ಅಭ್ಯಾಸ. ಆ ಹೆಸರುಗಳು ಬರೆಯುವವರಿಗೆ, ಓದುವವರಿಗೆ ಅಲ್ಲ. ಬಾಯಿಪಾಠ ಒಂದು ತಿಂಗಳು ನಿಲ್ಲಿಸಿ ನೋಡಿ. ಆಮೇಲೆ ಒಂದೇ ಪದದ ಆಜ್ಞೆಯ ಚೀಟಿಗಳು: ಓಡು, ಹಾರು, ನಗು, ಕೂರು, ಬಾ. ಮಗು ಓದಿ ಬಾಯಿಬಿಡದೆ ಮಾಡಿ ತೋರಿಸುತ್ತದೆ. ಅರ್ಥವಾಯಿತೇ ಅಂತ ಕೇಳುವ ಗೊಡವೆಯೇ ಇಲ್ಲ.

ವ್ಯಾಕರಣ: ಬಣ್ಣ, ಆಕಾರ, ಬಾಲ

ವ್ಯಾಕರಣದ ಆಟ ಬಾಯಲ್ಲಿ ಮೂರು ವರ್ಷಕ್ಕೇ ಶುರುವಾಗಬಹುದು, ಪದದ ಮೇಲೆ ಇಡುವ ಬಣ್ಣದ ಗುರುತುಗಳು ಐದರ ನಂತರ. ನಾಮಪದಕ್ಕೆ ದೊಡ್ಡ ಕಪ್ಪು ತ್ರಿಕೋನ, ವಿಶೇಷಣಕ್ಕೆ ಅದಕ್ಕಿಂತ ಚಿಕ್ಕ ನೀಲಿ ತ್ರಿಕೋನ, ಸರ್ವನಾಮಕ್ಕೆ ಎತ್ತರದ ನೇರಳೆ ತ್ರಿಕೋನ. ಕ್ರಿಯಾಪದಕ್ಕೆ ದೊಡ್ಡ ಕೆಂಪು ವೃತ್ತ, ಕ್ರಿಯಾವಿಶೇಷಣಕ್ಕೆ ಚಿಕ್ಕ ಕಿತ್ತಳೆ ವೃತ್ತ. ಕಪ್ಪು ತ್ರಿಕೋನ ಬೆಟ್ಟದ ಹಾಗೆ ಕೂತಿರುತ್ತದೆ, ಕೆಂಪು ಚೆಂಡು ಉರುಳುತ್ತದೆ. ಮಧುಗಿರಿ ಬೆಟ್ಟ ಕಂಡ ಮಗುವಿಗೆ ಮೊದಲನೆಯದನ್ನು ವಿವರಿಸುವ ಕಷ್ಟವಿಲ್ಲ. ಇಂಗ್ಲಿಷ್ ಸೆಟ್ಟಿನ ತಿಳಿನೀಲಿ ಪುಟ್ಟ ತ್ರಿಕೋನ ಆರ್ಟಿಕಲ್‌ಗೆ. ಕನ್ನಡದಲ್ಲಿ ಅದಿಲ್ಲ, ತೆಗೆದುಹಾಕಿ. ಆ, ಈ, ಒಂದು, ಎರಡು ಎಲ್ಲಕ್ಕೂ ನೀಲಿಯೇ ಸಾಕು.

ಸಾಮಾನಿಗೆ ಒಂದು ಪುಟ್ಟ ಹೊಲಮನೆ ಬೇಕು. ಹಸು, ಕರು, ಕುರಿ, ಕೋಳಿ, ಮರ, ಮನೆ, ತೊಟ್ಟಿ, ಅಕ್ಕ ಅನ್ನುವ ಒಂದು ಬೊಂಬೆ. ಚನ್ನಪಟ್ಟಣದ ಗೊಂಬೆ ಸಿಕ್ಕರೆ ಚೆಂದ, ಜೇಡಿಮಣ್ಣಿನದೂ ಆದೀತು. ಹಸು ಎರಡು ಇರಲಿ, ಒಂದು ಕೆಂದ, ಒಂದು ಕರಿ. ‘‘ಹಸು ತಾ’’ ಅನ್ನಿ. ಮಗು ಒಂದು ತರುತ್ತದೆ. ‘‘ಇದಲ್ಲ, ಕರಿ ಹಸು.’’ ವಿಶೇಷಣದ ಪಾಠ ಇಷ್ಟೇ. ಕ್ರಿಯಾವಿಶೇಷಣಕ್ಕೆ ಅಂಗಳ ಸಾಕು: ನಡಿ, ಮೆಲ್ಲಗೆ ನಡಿ, ಸರಸರ ನಡಿ, ದಬದಬ ಓಡು. ಇಂಥ ಅನುಕರಣ ಪದಗಳು ಕನ್ನಡಕ್ಕೆ ದಂಡಿಯಾಗಿವೆ, ಕಿತ್ತಳೆ ವೃತ್ತಕ್ಕೆ ಅವನ್ನೇ ಬಳಸಿ.

ಕ್ರಿಯಾಪದ ಮಾತ್ರ ಒಂದು ಪಾಠಕ್ಕೆ ಮುಗಿಯುವುದಿಲ್ಲ, ಅದರ ತುದಿಯೇ ಯಾರು ಎಂಬುದನ್ನು ಹೇಳುತ್ತದೆ. ಹುಡುಗ, ಅಕ್ಕ, ಹಸು, ಮಕ್ಕಳು ಎಂಬ ನಾಲ್ಕು ಚೀಟಿ. ಬಂದನು, ಬಂದಳು, ಬಂದಿತು, ಬಂದರು ಎಂಬ ನಾಲ್ಕು. ಹೊಂದಿಸಲಿ. ತೆಲುಗು ಮನೆಯ ಮಗು ‘‘ಅಕ್ಕ ಬಂತು’’ ಅನ್ನುತ್ತದೆ. ನಗಬೇಡಿ, ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ಹಸುವಿಗೂ ಕ್ರಿಯಾಪದದ ತುದಿ ಒಂದೇ. ಮಗು ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಅಕ್ಕನ ಬೊಂಬೆಯನ್ನೂ ಹಸುವನ್ನೂ ಅಕ್ಕಪಕ್ಕ ನಡೆಸಿ ‘‘ಅಕ್ಕ ಬಂದಳು, ಹಸು ಬಂದಿತು’’ ಅಂತ ವಾರಕ್ಕೆ ಎರಡು ಮೂರು ಸಲ ಕೇಳಿಸಿದರೆ ಸಾಕು. ‘ಮಗು ಬಂದಿತು’ ಅನ್ನುವುದು ಕನ್ನಡದ್ದೇ ತುಂಟತನ, ಅದನ್ನು ಕೊನೆಗೆ ಇಡಿ.

ಈಗ ವಿಭಕ್ತಿ. ಇಂಗ್ಲಿಷಿನಲ್ಲಿ ಪದಗಳ ನಡುವೆ ಬಂದು ನಿಲ್ಲುವ ಇನ್, ಟು, ಫ್ರಮ್‌ನಂಥ ಕೆಲಸಗಾರರೆಲ್ಲ ಕನ್ನಡದಲ್ಲಿ ಪದದ ಬಾಲವಾಗಿ ಅಂಟಿಕೊಂಡಿರುತ್ತಾರೆ. ಹಾಗಾಗಿ ಆ ಪಾಠವನ್ನು ಅನುವಾದಿಸಿದರೆ ನಡೆಯದು. ಹೀಗೆ ಮಾಡಿ. ಬಿಳಿ ಚೀಟಿಗಳಲ್ಲಿ ಬರೆಯಿರಿ: ಹಸು, ಕರು, ನೆಕ್ಕಿತು. ಹಸಿರು ಪಟ್ಟಿಯಲ್ಲಿ: ವನ್ನು. ಹಸಿರನ್ನು ಕರುವಿಗೆ ಅಂಟಿಸಿ ಇಡಿ: ಹಸು ಕರುವನ್ನು ನೆಕ್ಕಿತು. ಮಗು ಬೊಂಬೆಗಳಲ್ಲಿ ಮಾಡಿ ತೋರಿಸಲಿ. ಈಗ ಕರುವನ್ನೂ ಅದರ ಬಾಲವನ್ನೂ ಒಟ್ಟಿಗೆ ಮುಂದಕ್ಕೆ ಸರಿಸಿ: ಕರುವನ್ನು ಹಸು ನೆಕ್ಕಿತು. ಮತ್ತೆ ಮಾಡಿ ತೋರಿಸಲಿ. ಅದೇ ಆಟ, ಏನೂ ಬದಲಾಗಲಿಲ್ಲ. ಈಗ ಪದಗಳನ್ನು ಮುಟ್ಟದೆ ಹಸಿರು ಬಾಲ ಮಾತ್ರ ಕಿತ್ತು ಹಸುವಿಗೆ ಹಚ್ಚಿ: ಕರು ಹಸುವನ್ನು ನೆಕ್ಕಿತು. ಮಗು ಬೊಂಬೆ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಕರುವನ್ನು ಮುಂದೆ ತರುತ್ತದೆ. ಇಂಗ್ಲಿಷಿನಲ್ಲಿ ಪದ ಸರಿದರೆ ಅರ್ಥ ಸರಿಯುತ್ತದೆ, ಕನ್ನಡದಲ್ಲಿ ಬಾಲ ಸರಿಯಬೇಕು. ಎರಡೂ ಪ್ರಾಣಿಗಳೇ ಆಗಿರಲಿ. ‘ಹಸು ಹುಲ್ಲನ್ನು ತಿಂದಿತು’ ಎಂಬುದರಲ್ಲಿ ಬಾಲ ಅದಲುಬದಲು ಮಾಡಿದರೆ ಬರೀ ನಗು ಬರುತ್ತದೆ. ಮಾತಿನಲ್ಲಂತೂ ‘ಹುಲ್ಲು ತಿಂತು’ ಅಂತ ಬಾಲ ಬಿಟ್ಟೇ ಹೇಳುತ್ತೇವೆ.

ಇದಾದ ಎರಡು ವಾರಕ್ಕೆ ನಾಲ್ಕು ಸಾಲಿನ ಚೀಟಿ ಕೊಡಿ:

ಮರ, ಮರವನ್ನು, ಮರಕ್ಕೆ, ಮರದಿಂದ, ಮರದ, ಮರದಲ್ಲಿ
ಮನೆ, ಮನೆಯನ್ನು, ಮನೆಗೆ, ಮನೆಯಿಂದ, ಮನೆಯ, ಮನೆಯಲ್ಲಿ
ಹಸು, ಹಸುವನ್ನು, ಹಸುವಿಗೆ, ಹಸುವಿನಿಂದ, ಹಸುವಿನ, ಹಸುವಿನಲ್ಲಿ
ಅಕ್ಕ, ಅಕ್ಕನನ್ನು, ಅಕ್ಕನಿಗೆ, ಅಕ್ಕನಿಂದ, ಅಕ್ಕನ, ಅಕ್ಕನಲ್ಲಿ

ದ್ವಿತೀಯಾ, ಚತುರ್ಥೀ ಎಂಬ ಹೆಸರು ಬಾಯಿಗೆ ತರಬೇಡಿ. ಪ್ರಥಮಾದ ‘ಉ’, ಪಂಚಮಿಯ ‘ದೆಸೆಯಿಂದ’ ಎರಡನ್ನೂ ಇಲ್ಲಿ ಬಿಟ್ಟಿದ್ದೇವೆ, ಮಗುವಿನ ಮಾತಿನಲ್ಲಿ ಅವು ಇಲ್ಲ. ಮೂಲಪದ ಕಪ್ಪಿನಲ್ಲಿ, ಉಳಿದದ್ದು ಹಸಿರಿನಲ್ಲಿ ಬರೆದಿರಲಿ. ನಾಲ್ಕೂ ಸಾಲಿನ ಚೀಟಿ ಕಲೆಸಿ ಕೊಟ್ಟರೆ ಮಗು ಮೊದಲು ಕಪ್ಪು ನೋಡಿ ಸಾಲು ಮಾಡುತ್ತದೆ, ಎರಡನೆಯ ದಿನ ಹಸಿರು ನೋಡಿ ಕಂಬಸಾಲು ಮಾಡುತ್ತದೆ. ‘ಮರಗೆ’ ಅನ್ನುವ ಮಗು ‘ಮನೆಗೆ’ ಮಾದರಿಯನ್ನು ಹಿಗ್ಗಿಸಿದೆ ಅಷ್ಟೇ. ಅಕಾರದಲ್ಲಿ ಮುಗಿಯುವ ವಸ್ತುಗಳಿಗೆ ‘ಕ್ಕೆ’ ಬರುತ್ತದೆಂದು ವಿವರಿಸದೆ, ಮರದ ಸಾಲಿಗೆ ಹೊಲ, ನೆಲ, ಬೆಟ್ಟ ಸೇರಿಸಿ. ನಾಲ್ಕು ಪದ ಸಾಲಾಗಿ ‘ಕ್ಕೆ’ ಅಂದಾಗ ಐದನೆಯದನ್ನು ಅದೇ ಹೇಳುತ್ತದೆ. ಮಾತಿನಲ್ಲಿ ‘ಮನೇಲಿ’, ಶಿರಾ ಕಡೆ ‘ಮನೆಯಾಗೆ’ ಅನ್ನುವ ಮಗುವಿಗೆ ಚೀಟಿಯ ‘ಮನೆಯಲ್ಲಿ’ ಬರಹದ ರೂಪ ಅಂತ ಒಂದು ಸಲ ಹೇಳಿದರೆ ತಿಳಿಯುತ್ತದೆ.

ಮೇಲೆ, ಕೆಳಗೆ, ಒಳಗೆ, ಹಿಂದೆ, ಮುಂದೆ ಇವು ಬಿಡಿ ಪದಗಳು, ಇವಕ್ಕೆ ಹಸಿರು ಅರ್ಧಚಂದ್ರ. ತೊಟ್ಟಿಯ ಒಳಗೆ ಕೋಳಿ, ತೊಟ್ಟಿಯ ಹಿಂದೆ ಕೋಳಿ, ಹೀಗೆ ಬೊಂಬೆ ಸರಿಸುತ್ತಾ ಹೇಳಿ. ಮುಂಚಿನ ಪದಕ್ಕೆ ‘ದ’, ‘ಯ’ ಬಾಲ ಬರಲೇಬೇಕೆಂಬುದು ಗಮನಕ್ಕೆ ಬಂದಿರುವ ಮಗು ‘ಮರ ಮೇಲೆ’ ಅನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ನಾಲ್ಕು ಸಾಲಿನ ಚೀಟಿಗೆ ಇನ್ನೊಂದು ವಾರ ಕೊಡಿ. ಸರ್ವನಾಮ ಸಲೀಸು, ಅಕ್ಕನ ಬದಲು ಅವಳು. ಭಾವಸೂಚಕಕ್ಕೆ ಬೀಗದ ಕಂಡಿಯಾಕಾರದ ಚಿನ್ನದ ಬಣ್ಣದ ಗುರುತು: ಅಯ್ಯೋ, ಅಬ್ಬಾ, ಓಹೋ.

ಉಳಿದದ್ದು ಪದಗಳನ್ನು ಕೂಡಿಸುವ ಸಮುಚ್ಚಯ, ಅದಕ್ಕೆ ಗುಲಾಬಿ ಪಟ್ಟಿ. ಮೂಲ ಪಾಠದಲ್ಲಿ ಎರಡು ಹೂಗಳನ್ನು ರಿಬ್ಬನ್ನಿನಿಂದ ಕಟ್ಟಿ ನಡುವಿನ ಗಂಟೇ ‘ಮತ್ತು’ ಅನ್ನುತ್ತಾರೆ. ‘ಮತ್ತು’ ನಮ್ಮ ಮಕ್ಕಳ ಬಾಯಲ್ಲಿ ಎಲ್ಲಿದೆ? ‘ಗುಲಾಬಿನೂ ಸೇವಂತಿಗೆನೂ’ ಅನ್ನುತ್ತಾರೆ. ಬರೆದರೆ ‘ಗುಲಾಬಿಯೂ ಸೇವಂತಿಗೆಯೂ’. ಆದ್ದರಿಂದ ಗುಲಾಬಿ ಪಟ್ಟಿ ಒಂದಲ್ಲ, ಎರಡು ಬೇಕು. ಚಿಕ್ಕಬಳ್ಳಾಪುರದ ಕಡೆ ಹೂವಿಗೆ ಬರವಿಲ್ಲ. ಒಂದು ಗುಲಾಬಿ, ಒಂದು ಸೇವಂತಿಗೆ, ಹೂ ಕಟ್ಟುವ ದಾರ ತನ್ನಿ. ಎರಡೂ ತೊಟ್ಟಿಗೆ ದಾರ ಸುತ್ತಿ, ಪ್ರತಿ ಸುತ್ತಿಗೂ ‘ಊ’ ಅನ್ನಿ. ಆಮೇಲೆ ಬೇಕೆಂದೇ ಒಂದಕ್ಕೆ ಮಾತ್ರ ಸುತ್ತಿ ‘‘ಗುಲಾಬಿಯೂ ತಾ’’ ಅಂದು ಸುಮ್ಮನಾಗಿ. ಮಗು ‘‘ಇನ್ನೇನು?’’ ಅಂತ ಕೇಳುತ್ತದೆ. ಆಗ ಸೇವಂತಿಗೆಯನ್ನೂ ದಾರದ ಇನ್ನೊಂದು ತುದಿಯನ್ನೂ ಅದರ ಕೈಗೇ ಕೊಡಿ.